ಪಕ್ಕದ ಬಾಗಿಲು ತೆರೆದ ಮೊಳೆಯಕ್ಕ

ಬೆಳಗಿನ ಆರು ಗಂಟೆ. ಗ್ರಂಥಾಲಯದ ಹಿಂಬದಿಯ ಕೋಣೆಯ ಬೀಗ ತೆಗೆದು, ಚಪ್ಪಲಿ ಹೊರಗೆ ಬಿಟ್ಟು, ಮೊಳೆಯಕ್ಕ ಹಳೆಯ ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಹದಿನಾಲ್ಕು ಶಾಲೆ, ಎಂಟು ಚಿಕ್ಕ ಆಸ್ಪತ್ರೆ, ಎಂದೋ ಮುಚ್ಚಿದ ಗಿರಣಿಯ ಕಾರ್ಮಿಕರ ಸಂಘ, ಹೀಗೆ ಇಪ್ಪತ್ತಮೂರು ಜಾಲತಾಣಗಳು ಈ ಒಂದೇ ಯಂತ್ರದಿಂದ ನಡೆಯುತ್ತವೆ. ಎಲ್ಲವೂ ತೆರೆಯುತ್ತಿವೆಯೇ ಎಂದು ನೋಡುವುದು ದಿನದ ಮೊದಲ ಕೆಲಸ. "ಮಕ್ಕಳನ್ನ ಎಬ್ಬಿಸ್ದಂಗೆ. ಒಂದಾದ್ರೂ ಹಟ ಮಾಡುತ್ತೆ," ಎಂದು ನಗುತ್ತಾರೆ.

ಅಚ್ಚುಮೊಳೆ ಜೋಡಿಸುತ್ತಿದ್ದವರಾದ್ದರಿಂದ ಆ ಹೆಸರು. ಹದಿನೇಳಕ್ಕೆ ಅಪ್ಪನ ಜೊತೆ ಮುದ್ರಣಾಲಯ ಸೇರಿದವರು, ಅದು ಮುಚ್ಚುವವರೆಗೂ ಇಪ್ಪತ್ತೆರಡು ವರ್ಷ ಅಲ್ಲೇ ಇದ್ದರು. ಆಮೇಲೆ ಕಂಪ್ಯೂಟರ್ ಕಲಿತು ಈ ತಾಣಗಳನ್ನು ನೋಡಿಕೊಳ್ಳತೊಡಗಿದರು. ಸೀಸದ ವಾಸನೆ, ಮಸಿ ಹಿಡಿದ ಬೆರಳು, ತಿರುಗುಮುರುಗಾದ ಸಾಲುಗಳನ್ನು ಅಪ್ಪ ಸರಾಗವಾಗಿ ಓದುತ್ತಿದ್ದ ರೀತಿ... ಮಾತು ಅಲ್ಲಿಗೆ ಬಂದರೆ ದನಿ ಮೆತ್ತಗಾಗುತ್ತದೆ. "ಒಂದು ಕೊಂಬು ತಪ್ಪಿದ್ರೂ ಇಡೀ ಪುಟ ಬಿಚ್ಚಿಸ್ತಿದ್ರು. ಆಗ ಮೈಯೆಲ್ಲಾ ಉರೀತಿತ್ತು. ಈಗ ಆ ಬೈಗುಳ ಇನ್ನೊಂದ್ಸಲ ಕೇಳ್ಬೇಕು ಅನ್ಸುತ್ತೆ."

ಕಳೆದ ವರ್ಷ ಕೈಹಿಡಿದದ್ದು ಅಕ್ಷರ ಅಕ್ಷರವಾಗಿ ತಪ್ಪು ಹುಡುಕುವ ಆ ಅಭ್ಯಾಸವೇ. ತಾಣಗಳನ್ನು ಇಟ್ಟಿದ್ದ ಬಾಡಿಗೆ ಸೇವೆ ಹದಿನೈದು ದಿನದಲ್ಲಿ ನಿಲ್ಲಲಿತ್ತು. ಎಲ್ಲವನ್ನೂ ಗ್ರಂಥಾಲಯದ ಯಂತ್ರಕ್ಕೆ ತರಬೇಕು. ಆದರೆ ಅದರ ಮುಂಬಾಗಿಲಾದ ಎಂಬತ್ತನೆಯ ಪೋರ್ಟನ್ನು ಪುಸ್ತಕಪಟ್ಟಿಯ ತಂತ್ರಾಂಶ ಹಿಡಿದು ಕೂತಿತ್ತು. ಉಳಿದದ್ದು ಪಕ್ಕದ ಬಾಗಿಲು, ೮೦೮೦. ಅದರಿಂದ ಒಳಬರಬೇಕಾದರೆ ತಾಣದ ವಿಳಾಸದ ಕೊನೆಗೆ ಆ ಸಂಖ್ಯೆ ಇರಲೇಬೇಕು. ಹಲವು ತಾಣಗಳನ್ನು ಒಟ್ಟಿಗೆ ನಡೆಸುವ ತಂತ್ರಾಂಶವೋ, ವಿಳಾಸದಲ್ಲಿ ಅಂಥ ಸಂಖ್ಯೆ ಕಂಡರೆ ಸಾಕು, ಆಗುವುದಿಲ್ಲವೆಂದು ಕಡ್ಡಿ ಮುರಿದಂತೆ ಹೇಳುತ್ತಿತ್ತು.

"ಬಿಟ್ಬಿಡಿ ಅಕ್ಕ. ಶಾಲೆ, ಆಸ್ಪತ್ರೆಯವ್ರು ಬೇರೆ ಕಡೆ ಮಾಡಿಸ್ಕೋತಾರೆ," ಎಂದರು ಗ್ರಂಥಪಾಲಕರು.

"ಗಿರಣಿಯವ್ರಿಗೆ ಯಾರಿದಾರೆ ಸಾರ್?"

ಆ ತಾಣದಲ್ಲಿ ಆರುನೂರು ಕೆಲಸಗಾರರ ಚಿತ್ರಗಳಿವೆ. ಎಷ್ಟೋ ಮನೆಗಳಲ್ಲಿ ಅದು ಬಿಟ್ಟರೆ ಅವರ ಇನ್ನೊಂದು ಚಿತ್ರವಿಲ್ಲ.

ಹನ್ನೊಂದು ದಿನ ಮೊಳೆಯಕ್ಕ ತಂತ್ರಾಂಶದ ಸಾಲುಗಳನ್ನು ಕರಡು ತಿದ್ದುವಂತೆ ಓದಿದರು. ಹನ್ನೆರಡನೆಯ ಬೆಳಗ್ಗೆ, ಸಂಖ್ಯೆಯನ್ನು ತಡೆಯುವ ಸಾಲು ಸಿಕ್ಕಿತು. ಅದನ್ನು ಬದಲಿಸಿ, ಇಪ್ಪತ್ತಮೂರು ವಿಳಾಸಗಳ ಕೊನೆಗೂ ಕೈಯಾರೆ ೮೦೮೦ ಸೇರಿಸಿದರು. ಗಿರಣಿಯದು ಮಾತ್ರ ಜಪ್ಪಯ್ಯ ಅಂದರೂ ತೆರೆಯಲಿಲ್ಲ. ನೋಡಿದರೆ, ಸಂಖ್ಯೆಗೆ ಮೊದಲು ಬರಬೇಕಾದ ಎರಡು ಚುಕ್ಕಿಗಳೇ ಬಿಟ್ಟುಹೋಗಿದ್ದವು! ಹಾಕಿದೊಡನೆ ಅದೂ ತೆರೆಯಿತು.

ಅದೇ ವಾರ ಅಲ್ಲಿನ ಒಂದು ಚಿತ್ರದ ಕೆಳಗೆ ಯಾರೋ ಬರೆದರು: 'ಇವರು ನಮ್ಮಮ್ಮ. ಇಷ್ಟು ನಕ್ಕಿದ್ದನ್ನು ನಾನು ನೋಡಿಯೇ ಇರಲಿಲ್ಲ.'

ಇನ್ನೇನು ಆಸೆ ಎಂದು ಕೇಳಿದರೆ ಮೊಳೆಯಕ್ಕ ಕನ್ನಡಕ ಒರೆಸಿಕೊಳ್ಳುತ್ತಾರೆ. "ಕಣ್ಣು ಇನ್ನೊಂದಷ್ಟು ವರ್ಷ ಸರಿಯಾಗಿರ್ಲಿ. ನೂರಾಹತ್ತು ಜನರ ಫೋಟೋ ಕೆಳಗೆ ಇನ್ನೂ ಹೆಸರಿಲ್ಲ. ಅವ್ರಿವ್ರನ್ನ ಕೇಳಿ ಬರೀಬೇಕು."