ಜಯಂತಿಯಕ್ಕನ ಒಂದು ವಾರದ ರಜೆ

“ಟೀಚರ್, ಈ ವರ್ಷವೂ ಒಬ್ಬಳು ಬಂದಿದ್ದಾಳೆ ಮಾರಾಯ್ರೆ. ನಾಳೆ ಬರ್ಲಿಕ್ಕೆ ಆಗ್ತದಾ?”

ಫೋನಿನಲ್ಲಿ ಜಯಂತಿಯಕ್ಕನ ದನಿ ಕೇಳಿದಾಗಲೇ ನನಗೂ ಸುಸ್ತಾಯಿತು.

ಸಿದ್ಧಕಟ್ಟೆಯಲ್ಲಿ ಜಯಂತಿಯಕ್ಕ ಒಂದು ಹಗಲುಶಾಲೆ ನಡೆಸುತ್ತಾರೆ. ವಯಸ್ಸಿಗೆ ತಕ್ಕ ಬುದ್ಧಿ ಬೆಳೆಯದ ಯುವಕ ಯುವತಿಯರು ಅಲ್ಲಿ ಬಟ್ಟೆ ಚೀಲ ಹೊಲಿಯುತ್ತಾರೆ, ಅಂಗಡಿಗಳಿಗೆ ಮಾರುತ್ತಾರೆ. (ಹೀಗೆ ಸೇವೆಯೂ ವ್ಯಾಪಾರವೂ ಸೇರಿದ್ದನ್ನು ವಿದೇಶದವರು ಸೋಶಿಯಲ್ ವೆಂಚರ್ ಅನ್ನುತ್ತಾರಂತೆ.) ಗಂಜಿ ಬೇಯಿಸುವುದು, ಉಣ್ಣಿಸುವುದು, ಒದ್ದೆಯಾದ ಬಟ್ಟೆ ಬದಲಿಸುವುದು ಎಲ್ಲ ಅಕ್ಕನದ್ದೇ. ಅವರನ್ನು ವ್ಯಾನಿನಲ್ಲಿ ಕರೆತಂದು ಬಿಡಲು ಸರೋಜ ಇದ್ದಾಳೆ.

ಅಲ್ಲಿಗೆ ಪ್ರತಿ ವರ್ಷ ಯುವಜನರಿಗೆ ನಾಯಕತ್ವ ಕಲಿಸುವ ಒಂದು ಅಂತಾರಾಷ್ಟ್ರೀಯ ಫೆಲೋಶಿಪ್‌ನವರು ಒಬ್ಬ ‘ಭಾವಿ ನಾಯಕ’ರನ್ನು ಕಳಿಸುತ್ತಾರೆ. ಬಂದವರೆಲ್ಲ ಒಳ್ಳೆಯವರೇ. ಆದರೆ ಅವರು ಕೇಳುವುದು ಅದೇ ಪ್ರಶ್ನೆ: ಈ ಶಾಲೆ ಯಾಕೆ ಶುರು ಮಾಡಿದಿರಿ? ಶುರು ಮಾಡಿದ್ದು ಅದೇ ತೊಂದರೆಯಿದ್ದ ತಮ್ಮನಿಗಾಗಿ. ಆ ತಮ್ಮ ಈಗಿಲ್ಲ. ಪ್ರತಿ ವರ್ಷ ಒಬ್ಬ ಹೊಸಬರೆದುರು ಅಕ್ಕ ಅವನ ಸಾವನ್ನು ಹೇಳಬೇಕು, ಮೂಡುಬಿದಿರೆಯಲ್ಲಿ ಟೀಚರ್ ಆಗಿರುವ ನಾನು ಬಸ್ಸು ಹತ್ತಿ ಹೋಗಿ ಅದನ್ನು ಇಂಗ್ಲಿಷಿಗೆ ತರಬೇಕು. ನಾನು ಇಂಗ್ಲಿಷ್ ಕಲಿತದ್ದು ಇದಕ್ಕಾ?

ಈ ಸಲ ಬಂದವಳು ಪೆರು ದೇಶದ ಲೂಸಿಯಾ. (ಹೆಸರು ಕೇಳಿ ನಮ್ಮ ಮಂಗಳೂರು ಕಡೆಯ ಕ್ರಿಶ್ಚಿಯನ್ ಹುಡುಗಿಯೇ ಅಂದುಕೊಂಡವರೂ ಉಂಟು.) ಶಾಲೆಯನ್ನು ಬೆಳೆಸಲು ಐದು ವರ್ಷದ ಗ್ರೋತ್ ಪ್ಲಾನ್ ಮಾಡುವುದು ಅವಳ ಕೆಲಸ. ಲ್ಯಾಪ್‌ಟಾಪ್ ತೆರೆದು, “ನಿಮಗೀಗ ಏನು ಬೇಕು?” ಎಂದು ಕೇಳಿದಳು.

ಅಕ್ಕ ನನ್ನ ಕಡೆ ತಿರುಗಿದರು.

“ಅವಳಿಗೆ ಹೇಳಿ ಟೀಚರ್, ಪ್ಲಾನ್ ಬೇಡ. ನನಗೆ ಒಂದು ವಾರ ಮಲಗ್ಬೇಕು. ಇಲ್ಲದಿದ್ರೆ ನಾನು ಇದನ್ನು ಮುಚ್ತೇನೆ.”

ಇದನ್ನು ಹೇಳಲೋ ಬೇಡವೋ? ಹೇಳಿದೆ. ಲೂಸಿಯಾ ಲ್ಯಾಪ್‌ಟಾಪ್ ಮುಚ್ಚಿ, “ಹೋಗಿ ಬನ್ನಿ, ನಾನಿದ್ದೇನೆ” ಎಂದಳು.

ಅಕ್ಕ ಚಾರ್ಮಾಡಿಯ ತಂಗಿ ಮನೆಗೆ ಹೋದರು. ಇಲ್ಲಿ ಮೊದಲ ದಿನವೇ ಗಂಜಿ ತಳ ಹಿಡಿಯಿತು. ಅಕ್ಕ ಕೊಟ್ಟರೆ ಮಾತ್ರ ಉಣ್ಣುವ ಪ್ರಕಾಶ ಎಂಬ ಹುಡುಗ ಬಟ್ಟಲು ದೂಡಿದ. ಲೂಸಿಯಾ ಅವನ ಪಕ್ಕದಲ್ಲೇ ಕುಳಿತು, ತನ್ನ ಭಾಷೆಯಲ್ಲಿ ಏನೇನೋ ಹಾಡಿದಳು. ಕೊನೆಗೂ ಅವನು ಉಂಡ.

ಸಂಜೆ ನಾನು ಹೋದಾಗ ಅವಳು ಒದ್ದೆ ಚೂಡಿದಾರದಲ್ಲೇ ಜಗಲಿಯಲ್ಲಿ ಗೋಡೆಗೊರಗಿ ಕುಳಿತಿದ್ದಳು. “ಇಷ್ಟು ವರ್ಷ ಅವರೊಬ್ಬರೇ ಹೇಗೆ ಮಾಡಿದರು?” ಎಂದು ಕೇಳಿದಳು.

ವಾರ ಕಳೆದು ಬಂದ ಅಕ್ಕನ ಮುಖದಲ್ಲಿ ಕಳೆ ಬಂದಿತ್ತು. ಮುಚ್ಚುವ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಆದರೆ ಆನ್‌ಲೈನ್ ಮೀಟಿಂಗಿನಲ್ಲಿ ಲೂಸಿಯಾಳ ಫೆಲೋಶಿಪ್‌ನ ಮೇಲಿನವರು, ‘ಗಂಜಿ ಬೇಯಿಸಿ ಉಣ್ಣಿಸಿದ್ದು ಒಳ್ಳೆಯದು, ಆದರೆ ಇದು ಲೀಡರ್‌ಶಿಪ್ ಅಲ್ಲವಲ್ಲ’ ಎಂದರಂತೆ. ಅದನ್ನು ನನಗೆ ಹೇಳುವಾಗ ಅವಳ ಕಣ್ಣು ತುಂಬಿತ್ತು.

ಕಳೆದ ವಾರ ಅವಳು ಊರಿಗೆ ಹೊರಟಳು. ಬಂಟ್ವಾಳದಲ್ಲಿ ಅವಳನ್ನು ಕಳಿಸಿ ಹಿಂದೆ ಬರುವಾಗ ಅಕ್ಕ ಮೆಲ್ಲನೆ ಕೇಳಿದರು, “ಇನ್ನು ನಾನು ಮಲಗುವುದು ಬರುವ ವರ್ಷವೇ ಅಲ್ವಾ ಟೀಚರ್?”

ಸಿದ್ಧಕಟ್ಟೆಯ ಒಬ್ಬ ಹೆಂಗಸು ನಾಲ್ಕು ದಿನ ಮಲಗಬೇಕಾದರೆ ಪೆರುವಿನಿಂದಲೇ ಜನ ಬರಬೇಕೇ?