ಕಂಬದ ಬುಡ ನೋಡಲು ಕಲಿಸಿದ ಮೇಷ್ಟ್ರು

ಪೇಪರಿನಲ್ಲಿ ಕಂಬ ಕಂಬವಾಗಿ ಬರೆದ ನಕ್ಷೆ ಕಂಡರೆ ನಮ್ಮ ಚಿಕ್ಕರಂಗಯ್ಯ ಮೇಷ್ಟ್ರು ಮೊದಲು ಕಂಬಗಳ ತಲೆಯನ್ನು ಅಂಗೈಯಿಂದ ಮುಚ್ಚಿಬಿಡೋರು. ಸ್ತಂಭಾಲೇಖ ಅನ್ನುವ ಪುಸ್ತಕದ ಮಾತು ಅವರ ಬಾಯಲ್ಲಿ ಬಂದಿದ್ದೇ ಕಮ್ಮಿ. "ತಲೆ ಆಮೇಲೆ ನೋಡಾನ, ಮೊದ್ಲು ಬುಡ ನೋಡು. ಸೊನ್ನೆಯಿಂದ ಎದ್ದೈತಾ, ಮಧ್ಯದಿಂದ ಎದ್ದೈತಾ?" ಅನ್ನೋರು. ಕೈಯಲ್ಲಿ ಸದಾ ಸೀಮೆಸುಣ್ಣದ ಪುಡಿ. ಟೀ ಅಂಗಡಿಯ ಪೇಪರಿನಲ್ಲಿ ಬೆಳ್ಳಗೆ ಅಂಗೈ ಗುರುತು ಇದ್ದರೆ ಮೇಷ್ಟ್ರು ಓದಿ ಹೋದರು ಅಂತ ಊರಿಗೇ ಗೊತ್ತಾಗುತ್ತಿತ್ತು.

ಎಂಟನೇ ಕ್ಲಾಸಿನಲ್ಲಿ ಒಂದು ದಿನ ನನ್ನನ್ನೂ ಗಿರಿಜಳನ್ನೂ ಶಾಲೆಯ ಕಾಂಪೌಂಡ್ ಗೋಡೆಯ ಆಚೆ ನಿಲ್ಲಿಸಿ, ಉಳಿದವರನ್ನೆಲ್ಲ ಈಚೆ ಕೂರಿಸಿದರು. ಗೋಡೆಯ ಮೇಲೆ ಗಿರಿಜಳ ಹಣೆಯಷ್ಟೇ ಕಾಣುತ್ತಿತ್ತು. ನಾನು ಉದ್ದ, ಮುಖವೆಲ್ಲ ಕಾಣುತ್ತಿತ್ತು. "ಮಂಜುಳಾ ಗಿರಿಜಾಗಿಂತ ಎಷ್ಟು ಪಟ್ಟು ಎತ್ತರ?" ಎಂದು ಕೇಳಿದರು. "ಮೂರು ಪಟ್ಟು ಸಾರ್" ಅಂತ ಕ್ಲಾಸೆಲ್ಲ ಕೂಗಿತು. ಆಮೇಲೆ ಇಬ್ಬರನ್ನೂ ಒಳಗೆ ಕರೆದು ಅಕ್ಕಪಕ್ಕ ನಿಲ್ಲಿಸಿದರೆ ಒಂದು ಗೇಣೂ ವ್ಯತ್ಯಾಸವಿಲ್ಲ. "ಬುಡ ಮುಚ್ಚಿದ್ರೆ ಹಿಂಗಾಯ್ತದೆ. ಮೋಸ ಮಾಡೋನು ಸುಳ್ಳೇ ಹೇಳ್ಬೇಕು ಅಂತಿಲ್ಲ ಕಣ್ರಮ್ಮ, ಅಡ್ಡ ಒಂದು ಗೋಡೆ ಎಬ್ಬಿಸಿದ್ರೆ ಸಾಕು" ಅಂದರು.

ಊರು ಅವರನ್ನು ನಂಬಿದ್ದು ಸುಮ್ಮನೆ ಅಲ್ಲ. ಒಮ್ಮೆ ಹಿಂಡಿ ಮಾರುವವನೊಬ್ಬ ಡೇರಿಯ ಗೋಡೆಗೆ ಪೋಸ್ಟರ್ ಅಂಟಿಸಿದ್ದ. ಕಂಬದ ಬದಲು ಹಸುವಿನ ಚಿತ್ರ. ಅವನ ಹಿಂಡಿ ತಿನ್ನದ ಹಸು ಚಿಕ್ಕದು, ತಿಂದ ಹಸು ಭಾರೀ ದೊಡ್ಡದು. ಹಾಲು ಎರಡರಷ್ಟು ಅಂತ ಬರೆದಿತ್ತು. ಹಾಲು ಹಾಕಲು ಬಂದ ಮೇಷ್ಟ್ರು ಕ್ಯಾನು ಕೆಳಗಿಟ್ಟು ಕೇಳಿದರು: "ಏನಪ್ಪಾ, ಎತ್ತರಾನೂ ಎರಡರಷ್ಟು ಮಾಡಿದೀಯ, ಅಗಲಾನೂ ಎರಡರಷ್ಟು ಮಾಡಿದೀಯ. ಕಣ್ಣಿಗೆ ನಾಕರಷ್ಟು ಕಾಣ್ತದಲ್ಲ, ಮಿಕ್ಕ ಎರಡರಷ್ಟು ಹಾಲು ಎಲ್ಲೋಯ್ತು?" ಅವನು ಪೋಸ್ಟರ್ ಕಿತ್ತು ಸುತ್ತಿಕೊಂಡು ಹೋದ. ಅವತ್ತಿನಿಂದ ಲೆಕ್ಕದ ವಿಷಯದಲ್ಲಿ ಮೇಷ್ಟ್ರ ಮಾತಿಗೆ ನಮ್ಮೂರಲ್ಲಿ ಎದುರಿಲ್ಲ.

ನಮ್ಮೂರಲ್ಲೇ ಹೈಸ್ಕೂಲು ಇಲ್ಲದಿದ್ದರೆ ನಮ್ಮಪ್ಪ ನನ್ನನ್ನು ಏಳನೇ ಕ್ಲಾಸಿಗೇ ಬಿಡಿಸಿಬಿಡುತ್ತಿದ್ದರು. ಹೆಣ್ಣು ಹುಡುಗಿಯನ್ನು ಬಸ್ಸು ಹತ್ತಿಸಿ ಓದಿಸುವ ಮನಸ್ಸು ಅವರಿಗಿರಲಿಲ್ಲ. ಇವತ್ತು ದಾಬಸ್‌ಪೇಟೆಯ ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಸೆಕ್ಷನ್ನಿನಲ್ಲಿ ಕೆಲಸ ಮಾಡುತ್ತಿದ್ದೀನಿ ಅಂದರೆ ಅದು ಆ ಶಾಲೆ, ಆ ಮೇಷ್ಟ್ರು. ಆ ಋಣ ಇಲ್ಲ ಅಂತ ಯಾವತ್ತೂ ಅಂದವಳಲ್ಲ.

ರಿಟೈರ್ ಆದ ಮೇಲೆ ಮೇಷ್ಟ್ರು ನೆಲಮಂಗಲದಲ್ಲಿ ಮನೆ ಮಾಡಿ, ಅಲ್ಲೇ ಒಂದು ಪ್ರೈವೇಟ್ ಶಾಲೆಗೆ ಸಲಹೆಗಾರರಾದರು. ಅಡ್ಮಿಷನ್ ಸಮಯದಲ್ಲಿ ಒಂದು ಸಂಜೆ ಆ ಶಾಲೆಯವರ ಜೊತೆ ನಮ್ಮೂರಿಗೆ ಬಂದರು. ಡೇರಿ ಕಟ್ಟಡದ ಒಳಗೆ ಫ್ಲೆಕ್ಸ್ ಕಟ್ಟಿದ್ದರು. ಎಸ್ಸೆಸ್ಸೆಲ್ಸಿ ಪಾಸಾದವರ ಲೆಕ್ಕ, ಎರಡೇ ಕಂಬ. ನಮ್ಮ ಸರ್ಕಾರಿ ಶಾಲೆಯದು ಕೆಂಪು, ಮೊಣಕಾಲೆತ್ತರ. ಅವರದು ಹಸಿರು, ಅದರ ಮೂರರಷ್ಟು. ಜನ ಲೊಚಗುಟ್ಟಿದರು. "ಅಯ್ಯೋ, ನಮ್ಮ ಸ್ಕೂಲು ಇಷ್ಟು ಕೆಟ್ಟೋಗಿದ್ಯಾ?"

ನಾನು ಬುಡ ನೋಡಿದೆ. ಸಣ್ಣ ಅಕ್ಷರದಲ್ಲಿ ಎಂಬತ್ತೈದು ಅಂತಿತ್ತು. ನಮ್ಮದು ನೂರಕ್ಕೆ ಎಂಬತ್ತೆಂಟು, ಅವರದು ತೊಂಬತ್ತನಾಲ್ಕು, ಅಷ್ಟೇ. ಬೇರೆ ಯಾರೋ ಬರೆದಿರಬೇಕು, ಮೇಷ್ಟ್ರು ನೋಡಿಲ್ಲ ಅಂದುಕೊಂಡೆ. ಎದ್ದು ನಿಂತೆ. "ಮೇಷ್ಟ್ರೇ, ಕಂಬ ಎಂಬತ್ತೈದರಿಂದ ಯಾಕೆ ಎದ್ದೈತೆ? ಸೊನ್ನೆಯಿಂದ ಬರೆದ್ರೆ ಎರಡೂ ಹೆಚ್ಚುಕಮ್ಮಿ ಒಂದೇ ಸಮ ಅಲ್ವಾ?"

ಅವರು ನಕ್ಕರು. ಕ್ಲಾಸಿನಲ್ಲಿ ಸರಿಯುತ್ತರ ಹೇಳಿದಾಗ ನಗುತ್ತಿದ್ದ ಅದೇ ನಗು. "ನಮ್ಮ ಮಂಜುಳಾ ಜಾಣೆ. ಪಾಪ, ಫ್ಯಾಕ್ಟರಿಯಿಂದ ಸುಸ್ತಾಗಿ ಬರ್ತಾಳೆ, ಮಗಳ ಓದಿನ ಕಡೆ ನೋಡೋಕೆ ಪುರುಸೊತ್ತಿಲ್ಲ. ಅದೇ ಸಂಕಟ ಅವಳಿಗೆ" ಅಂದರು. ಎಲ್ಲರೂ ನಕ್ಕರು. ನಮ್ಮಣ್ಣ ಸೆರಗು ಹಿಡಿದು ಎಳೆದ. "ಕೂತ್ಕೊಳೇ ಸುಮ್ನೆ. ಮೇಷ್ಟ್ರಿಗೇ ಲೆಕ್ಕ ಹೇಳ್ಕೊಡೋಕೆ ಹೋಗ್ತಾಳೆ." ಅಷ್ಟು ಜನರಲ್ಲಿ ಒಬ್ಬರೂ ಫ್ಲೆಕ್ಸಿನ ಕಡೆ ತಿರುಗಿ ನೋಡಲಿಲ್ಲ.

ಆ ವರ್ಷ ಅನುಕೂಲ ಇದ್ದವರೆಲ್ಲ ಮಕ್ಕಳನ್ನು ಆ ಶಾಲೆಯ ವ್ಯಾನ್ ಹತ್ತಿಸಿದರು, ನಮ್ಮಣ್ಣನೂ ಸೇರಿ. ನಮ್ಮ ಶಾಲೆಯ ಎಂಟನೇ ಕ್ಲಾಸಿಗೆ ಸೇರಿದವರು ಬೆರಳೆಣಿಕೆ. ಇನ್ನೊಂದು ವರ್ಷ ಕಳೆಯುವಷ್ಟರಲ್ಲಿ ನಮ್ಮ ಹೈಸ್ಕೂಲನ್ನು ಮುಚ್ಚಿ ತ್ಯಾಮಗೊಂಡ್ಲಿನ ಶಾಲೆಗೆ ಸೇರಿಸಿದರು. ನನ್ನ ಮಗಳು ಬಸ್ಸಿನಲ್ಲಿ ಹೋಗುತ್ತಾಳೆ. ಗಿರಿಜಳ ಮಗಳು ಹೋಗುತ್ತಿಲ್ಲ. "ಅಷ್ಟು ದೂರ ಯಾರು ಕಳಿಸ್ತಾರೆ ಬಿಡೇ" ಅಂದಳು ಗಿರಿಜಾ. ಆ ಹುಡುಗಿ ಏಳಕ್ಕೇ ನಿಂತಳು. ಈಗ ಕನಕಾಂಬರದ ತೋಟದಲ್ಲಿ ಹೂ ಬಿಡಿಸುತ್ತಾಳೆ.

ಅದನ್ನು ಕೇಳಿದ ಮೇಲೆ ತಡೆಯಲಾಗದೆ ನೆಲಮಂಗಲಕ್ಕೆ ಹೋದೆ. ಮೇಷ್ಟ್ರು ಬಾಗಿಲಲ್ಲೇ ಕೂತಿದ್ದರು, ತುಂಬಾ ಇಳಿದುಹೋಗಿದ್ದರು. "ಬಾರಮ್ಮ ಮಂಜುಳಾ" ಅಂತ ಖುಷಿಯಿಂದ ಕರೆದು, ಒಳಗೆ ಕಾಫಿ ಮಾಡಲು ಹೇಳಿದರು. ಗಿರಿಜಳ ಮಗಳ ವಿಷಯ ಹೇಳಿದೆ. ತಲೆ ತಗ್ಗಿಸಿ ಕೇಳಿಸಿಕೊಂಡರು.

"ಆ ಕಂಬ ಬರೆದೋರು ಯಾರು ಮೇಷ್ಟ್ರೇ?"

"ನಾನೇ ಕಣಮ್ಮ."

"ನಾನು ಅಲ್ಲಿರ್ತೀನಿ ಅಂತ ಗೊತ್ತಿತ್ತಲ್ಲ. ನಂಗೆ ಗೊತ್ತಾಗಲ್ಲ ಅಂದ್ಕೊಂಡ್ರಾ?"

"ನಿಂಗೆ ಗೊತ್ತಾಗೇ ಆಗುತ್ತೆ ಅಂತ ಗೊತ್ತಿತ್ತು" ಅಂದರು. "ನೀನು ಎದ್ದು ಕೇಳಲ್ಲ ಅಂದ್ಕೊಂಡಿದ್ದೆ."

ಕಾಫಿ ಬರುವ ಮೊದಲೇ ಎದ್ದೆ. ಅವರು ಕಷ್ಟಪಟ್ಟು ಗೇಟಿನವರೆಗೂ ಬಂದು, "ರಸ್ತೆ ದಾಟುವಾಗ ಹುಷಾರಮ್ಮ, ಲಾರಿಗಳು ಜೋರಾಗಿ ಬರ್ತವೆ" ಅಂದರು. ಅದು ನಾಟಕ ಅಲ್ಲ, ನಿಜವಾದ ಕಾಳಜಿಯೇ. ಅದಕ್ಕೇ ನನಗೆ ಅವರನ್ನು ಕ್ಷಮಿಸಲು ಆಗಿಲ್ಲ.