ಲೋಟದ ತಳದ ಕೆಂಪು ಬೊಟ್ಟು

ಬೆಳಗ್ಗೆ ವಾರ್ಡಿಗೆ ಹೋಗುವ ಮುಂಚೆ ಹುಡುಗಿಯರ ಉಗುರು ನೋಡುವುದು ನನ್ನ ಕೆಲಸ. ಮುಂಬಯಿಯ ಒಂದು ನರ್ಸಿಂಗ್ ಕಾಲೇಜಿನಲ್ಲಿ ನಾನು ಟ್ಯೂಟರ್. ಪಾಠ ಹೇಳುವುದಲ್ಲದೆ ವಿದ್ಯಾರ್ಥಿನಿಯರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಪಕ್ಕದಲ್ಲಿ ನಿಂತು ಕೆಲಸ ಕಲಿಸಬೇಕು. ಸಾಲಾಗಿ ನಿಂತು ಕೈ ಚಾಚುತ್ತಾರೆ. ಉಗುರು ಕತ್ತರಿಸಿರಬೇಕು, ಬಣ್ಣ ಇರಕೂಡದು, ಬಳೆ ಉಂಗುರ ಇಲ್ಲ, ಕೂದಲು ನೆಟ್ಟಿನೊಳಗೆ. ಯಾರ ಉಗುರಿನ ಮೂಲೆಯಲ್ಲಾದರೂ ಒಂದಿಷ್ಟು ನೇಲ್ ಪಾಲಿಶ್ ಉಳಿದಿತ್ತೋ, ಅವತ್ತು ಅವಳ ಗ್ರಹಚಾರ ಬಿಡಿಸಿಬಿಡುತ್ತೇನೆ. ಹಿಂದಿಯಲ್ಲಿ ಶುರುವಾಗುವ ಬೈಗುಳ ಕೋಪ ಏರಿದ ಹಾಗೆ ಕನ್ನಡಕ್ಕೆ ತಿರುಗುತ್ತದೆ. ನಾನು ಹುಟ್ಟಿ ಬೆಳೆದದ್ದು ಇದೇ ಊರಿನ ಸಯನ್‌ನಲ್ಲಿ, ಆದರೆ ಅಪ್ಪ ಅಮ್ಮ ಮೈಸೂರು ಕಡೆಯವರು, ಬೈಯುವುದನ್ನು ಕಲಿತದ್ದು ಅಮ್ಮನಿಂದ. ಹುಡುಗಿಯರಿಗೆ ಅರ್ಥ ಆಗುವುದಿಲ್ಲ, ಆದರೂ ನಡುಗುತ್ತಾರೆ.

ಆ ವರ್ಷದ ಹೊಸ ಬ್ಯಾಚಿನಲ್ಲಿ ಒಬ್ಬಳಿಗೆ ಮಾತ್ರ ಅರ್ಥವಾಗಿಬಿಟ್ಟಿತು. "ಮದುವೆಮನೆಗೆ ಬಂದಿದ್ದೀಯೇನೇ ಮಹಾತಾಯಿ, ಆರತಿ ಎತ್ತಲಾ?" ಅಂತ ನಾನು ಇನ್ಯಾರಿಗೋ ಅಂದರೆ, ಇವಳು ತುಟಿ ಕಚ್ಚಿ ನಗು ತಡೆಯುತ್ತಿದ್ದಳು.

"ಏನೇ, ಕನ್ನಡ ಬರುತ್ತಾ?"

"ಹೂಂ ರೀ ಮ್ಯಾಡಮ್. ನಾವು ವಿಜಾಪುರದ ಕಡೆಯವ್ರು."

ಸಾಂತಾಕ್ರೂಜ್‌ನ ಒಂದು ಚಾಳಿನಲ್ಲಿ ಅವಳ ಮನೆ. ಅಪ್ಪ ಟೇಲರ್. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಇವಳೇ ಮೊದಲು. ಅವಳ ಯೂನಿಫಾರ್ಮ್ ನೋಡಿದರೆ ಯಾರಿಗಾದರೂ ಗೊತ್ತಾಗುತ್ತಿತ್ತು, ಅದನ್ನು ಹೊಲಿದ ಕೈಗೆ ಮಗಳೆಂದರೆ ಎಷ್ಟು ಪ್ರೀತಿ ಅಂತ. ಒಂದು ಸುಕ್ಕಿಲ್ಲ, ಭುಜದ ಹೊಲಿಗೆ ಎಳ್ಳಷ್ಟೂ ಆಚೀಚೆ ಇಲ್ಲ. ಅದನ್ನು ನೋಡಿಯೇ ಉಳಿದ ಹುಡುಗಿಯರೂ ಅವಳಪ್ಪನ ಹತ್ತಿರವೇ ಹೊಲಿಸಲು ಶುರು ಮಾಡಿದರು. ಅವಳಿಗೆ ಬೇಕಾಗಿದ್ದದ್ದು ಒಂದೇ: ನರ್ಸ್ ಆಗುವುದು. ಉಳಿದವರು ದುಬೈ, ಜರ್ಮನಿ ಅನ್ನುತ್ತಿದ್ದರು. ಇವಳನ್ನು ಕೇಳಿದರೆ "ಇಲ್ಲೇ ರೀ, ಐಸಿಯುದಾಗ" ಅನ್ನುತ್ತಿದ್ದಳು.

ಒಳ್ಳೆಯ ಕೈ ಅವಳದು. ಹೆದರಿದ ಮುದುಕರು ಕೂಡ ಅವಳ ಹತ್ತಿರ ಸುಮ್ಮನೆ ತೋಳು ಕೊಡುತ್ತಿದ್ದರು. ಒಂದೇ ಒಂದು ಚಾಳಿ ಮಾತ್ರ ಬಿಡಿಸಲಿಕ್ಕೆ ನನಗೆ ಸಾಕುಸಾಕಾಯಿತು. ಇಂಜೆಕ್ಷನ್ ಕೊಟ್ಟ ಸೂಜಿಗೆ ಮತ್ತೆ ಮುಚ್ಚಳ ಹಾಕಬಾರದು ಅನ್ನುವುದು ನಮ್ಮ ಮೊದಲನೇ ಪಾಠ. ಚುಚ್ಚಿದ ತಕ್ಷಣ ಹಾಗೆಯೇ ತೂತು ಬೀಳದ ಗಟ್ಟಿ ಡಬ್ಬಿಗೆ ಹಾಕಬೇಕು. ಮುಚ್ಚಲು ಹೋದಾಗಲೇ ಅದು ನಮ್ಮ ಬೆರಳಿಗೆ ಚುಚ್ಚುವುದು. ಇವಳ ಎಡಗೈ ಮಾತ್ರ ತಾನಾಗಿಯೇ ಮುಚ್ಚಳ ಹುಡುಕುತ್ತಾ ಹೋಗುತ್ತಿತ್ತು.

"ಅಲ್ವೇ, ನಿನಗೇನು ಹೇಳಿದರೂ ಕಿವಿಗೆ ಹೋಗಲ್ಲವಾ?" ಅಂತ ಒಂದು ದಿನ ರೇಗಿದೆ.

ತಲೆ ತಗ್ಗಿಸಿ ಹೇಳಿದಳು. "ನಮ್ಮದು ಒಂದ ಖೋಲಿ ರೀ. ಹಗಲೆಲ್ಲಾ ಅಲ್ಲೇ ಹೊಲಿಯೋದು, ರಾತ್ರಿ ಅಲ್ಲೇ ಹಾಸಿಗಿ. ಸೂಜಿ ಹಂಗ ಬಿಟ್ಟು ಎದ್ದರ ಯಾರಿಗೆ ಚುಚ್ಚತೈತೋ ಏನೋ. ಸಣ್ಣಾಕಿ ಇದ್ದಾಗಿಂದ ಅವ್ವ ಅದಕ್ಕೊಂದಕ್ಕ ಹೊಡ್ದಾಳ ನನ್ನ, ಬ್ಯಾರೆ ಯಾತಕ್ಕೂ ಹೊಡದಿಲ್ಲ."

ನನಗೆ ನಗು ಬಂತು. ಅವ್ವ ಹೊಡೆದು ಕಲಿಸಿದ್ದನ್ನು ನಾನು ಬೈದು ಬಿಡಿಸಬೇಕಾಗಿತ್ತು. ಬಿಡಿಸಿದೆ ಕೂಡ. ಅಭ್ಯಾಸದ ಕೋಣೆಯ ರಬ್ಬರ್ ಗೊಂಬೆಯ ಮೇಲೆ ಅಭ್ಯಾಸ ಮಾಡಿಸಿ, ಮಾಡಿಸಿ, ಅವಳು ಎಡಗೈ ಬೆನ್ನ ಹಿಂದೆ ಕಟ್ಟಿಕೊಳ್ಳುವ ಹಾಗೆ ಮಾಡಿದೆ. ವಾರ್ಡಿನಲ್ಲಿ ಎಷ್ಟೋ ತಿಂಗಳು ಒಂದು ಸಲವೂ ತಪ್ಪಲಿಲ್ಲ.

ಎರಡನೇ ವರ್ಷದಲ್ಲಿ, ಒಂದು ಬೆಳಗ್ಗೆ, ಗಂಡಸರ ವಾರ್ಡಿನಲ್ಲಿ ಅವಳು ಒಬ್ಬ ರೋಗಿಗೆ ಇಂಜೆಕ್ಷನ್ ಕೊಟ್ಟು ಸೂಜಿ ಹೊರತೆಗೆದಿದ್ದಳು. ಪಕ್ಕದ ಮಂಚದ ಅಜ್ಜ ಬಾತ್‌ರೂಮಿಗೆ ಹೋಗಲು ಎದ್ದವರು ಜೋಲಿ ಹೊಡೆದು ಬಿದ್ದರು. ಅವರನ್ನು ಎತ್ತಲು ಓಡಬೇಕು, ಕೈಯಲ್ಲಿ ತೆರೆದ ಸೂಜಿ. ಸೂಜಿ ಹಾಗೆಯೇ ಬಿಟ್ಟು ಏಳಬಾರದು. ಆ ಕ್ಷಣಕ್ಕೆ ನನ್ನ ಪಾಠ ಮರೆತುಹೋಯಿತು, ಅವ್ವನ ಪಾಠ ನೆನಪಾಯಿತು. ಮುಚ್ಚಳ ಹಾಕಲು ಹೋದಳು. ಗ್ಲೌಸ್ ತೂರಿ ಬೆರಳಿಗೆ ಚುಚ್ಚಿತು.

ಅಜ್ಜನನ್ನು ಮಂಚಕ್ಕೆ ಹತ್ತಿಸಿದ ಮೇಲೆ ನೇರ ನನ್ನ ಹತ್ತಿರ ಬಂದಳು. ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು. "ಮ್ಯಾಡಮ್, ಚುಚ್ಚಕೊಂಡೆ ರೀ." ಅಷ್ಟೇ. ಹಿಂಡಬಾರದು ಅಂತ ಕಲಿಸಿದ್ದ ಹಾಗೆ ಬೆರಳು ಹಿಂಡಿರಲಿಲ್ಲ, ಸೋಪು ನೀರಲ್ಲಿ ತೊಳೆದಿದ್ದಳು, ತಕ್ಷಣ ಹೇಳಿದ್ದಳು. ಎಷ್ಟು ಜನ ಹೇಳುತ್ತಾರೆ ಹಾಗೆ? ಬೈತಾರೆ ಅಂತ ಹೆದರಿ ಮುಚ್ಚಿಡುವವರೇ ಹೆಚ್ಚು. ಇವಳು ನಿಯಮದ ಪ್ರಕಾರ ನಡೆದುಕೊಂಡಳು, ಒಂದೊಂದೂ. ನನಗೆ ಬೈಯಲು ಬಾಯಿ ಬರಲಿಲ್ಲ. ಅವಳ ಭುಜ ಹಿಡಿದುಕೊಂಡು ಕ್ಯಾಶುವಲ್ಟಿಗೆ ಹೆಚ್ಚುಕಡಿಮೆ ಓಡಿಸಿಕೊಂಡೇ ಹೋದೆ.

ಇಂಜೆಕ್ಷನ್ ತೆಗೆದುಕೊಂಡ ಆ ರೋಗಿಗೆ ಏನಿತ್ತು ಅಂತ ನಾನು ಇಲ್ಲಿ ಹೇಳುವುದಿಲ್ಲ, ಹೇಳಬಾರದು. ಎಚ್‌ಐವಿ ಬಾರದಂತೆ ತಡೆಯುವ ಗುಳಿಗೆಗಳನ್ನು ಅವಳಿಗೆ ಅವತ್ತೇ ಶುರು ಮಾಡಿದರು. ಡಾಕ್ಟರು ಸಮಾಧಾನವಾಗಿ ವಿವರಿಸಿದರು. ತಡಮಾಡದೆ ಬಂದಿದ್ದೀಯ, ಗುಳಿಗೆ ತಪ್ಪಿಸದೆ ತೆಗೆದುಕೋ, ಕೆಲವು ತಿಂಗಳು ಟೆಸ್ಟ್ ಮಾಡೋಣ, ಏನಾದರೂ ಆಗುವ ಸಂಭವ ತೀರಾ ಕಡಿಮೆ ಅಂದರು. ಅವಳು ತಲೆಯಾಡಿಸಿದಳು. ಹೊರಗೆ ಬಂದು ಒಂದೇ ಮಾತು ಕೇಳಿದಳು. "ಡ್ಯೂಟಿ ಮಾಡಬಹುದಲ್ರಿ ಮ್ಯಾಡಮ್?"

"ಯಾಕೆ ಮಾಡಬಾರದು? ನಾಳೆ ಬೆಳಗ್ಗೆ ಉಗುರು ತೋರಿಸು ಬಾ," ಅಂದೆ.

ಬೇರೆ ಯಾವ ಹಾಸ್ಟೆಲ್ ಆಗಿದ್ದರೂ ಅವಳ ಕಪಾಟಿನಲ್ಲಿದ್ದ ಆ ಬಾಟಲಿ ನೋಡಿ ಯಾವುದೋ ವಿಟಮಿನ್ ಗುಳಿಗೆ ಅಂದುಕೊಳ್ಳುತ್ತಿದ್ದರು. ಮನೆ ಇದೇ ಊರಿನಲ್ಲಿದ್ದರೂ ನಮ್ಮಲ್ಲಿ ಎಲ್ಲರೂ ಹಾಸ್ಟೆಲ್‌ನಲ್ಲೇ ಇರಬೇಕು. ನಮ್ಮ ಹುಡುಗಿಯರೋ, ಔಷಧಶಾಸ್ತ್ರದ ಪೇಪರ್ ಪಾಸು ಮಾಡಿದವರು. ಹೆಸರು ನೋಡಿದ್ದೇ ತಡ, ಗೊತ್ತಾಯಿತು. ಸಂಜೆಯೊಳಗೆ ಇಡೀ ಮಹಡಿಗೆ ಗೊತ್ತಾಯಿತು. ರೂಮಿನ ಜೊತೆಗಾರ್ತಿ ಗಂಟಲು ನೋವು ಅಂತ ನೆಪ ಹೇಳಿ ಬೇರೆ ರೂಮಿಗೆ ಹೋದಳು. ಇವಳು ಒಣಹಾಕಿದ ಬಟ್ಟೆಯ ಪಕ್ಕ ಯಾರೂ ಬಟ್ಟೆ ಹಾಕಲಿಲ್ಲ. ಇದೊಂದನ್ನೂ ಅವಳು ನನಗೆ ಹೇಳಲಿಲ್ಲ. ಬೆಳಗ್ಗೆ ಬಂದು ಕೈ ಚಾಚುತ್ತಿದ್ದಳು, ನಾನು ನೋಡಿ ಮುಂದೆ ಹೋಗುತ್ತಿದ್ದೆ.

ಒಂದು ಮಧ್ಯಾಹ್ನ ಹಾಸ್ಟೆಲ್ ಮೆಸ್ಸಿನಲ್ಲಿ ಊಟದ ಮೇಲ್ವಿಚಾರಣೆ ನನಗೆ ಬಂತು. ಅವಳು ಒಂದು ಮೂಲೆಯಲ್ಲಿ ಒಬ್ಬಳೇ ಕೂತು ಉಣ್ಣುತ್ತಿದ್ದಳು. ಹತ್ತಿರ ಹೋಗಿ ಕೂತೆ. ಅವಳು ನೀರು ಕುಡಿಯಲು ಲೋಟ ಎತ್ತಿದಾಗ ತಳದಲ್ಲಿ ಕೆಂಪಗೆ ಏನೋ ಕಂಡಿತು. ಕೈಯಿಂದ ಇಸಿದುಕೊಂಡು ತಿರುಗಿಸಿದೆ. ನೇಲ್ ಪಾಲಿಶ್. ಹೆಬ್ಬೆರಳಗಲ ಬೊಟ್ಟು. ತಟ್ಟೆ ಎತ್ತಿ ನೋಡಿದೆ, ಅದರ ತಳದಲ್ಲೂ ಇತ್ತು.

"ಇದೇನೇ ಇದು?"

"ನಂದು ಯಾವುದಂತ ಗೊತ್ತಾಗಲಿ ಅಂತ ಹಚ್ಯಾರ ರೀ," ಅಂದಳು. ಅನ್ನ ಕಲಸುವುದನ್ನು ನಿಲ್ಲಿಸಲಿಲ್ಲ.

ಅಯ್ಯೋ ದೇವರೇ! ಈ ಹುಡುಗಿಯರಿಗೇನು ಗೊತ್ತಿರಲಿಲ್ಲವೇ? ಎಚ್‌ಐವಿ ಹೇಗೆ ಹರಡುತ್ತದೆ, ಹೇಗೆ ಹರಡುವುದಿಲ್ಲ ಅಂತ ಪರೀಕ್ಷೆಯಲ್ಲಿ ಕೇಳಿದ್ದವಳು ನಾನು. ಒಟ್ಟಿಗೆ ಉಂಡರೆ ಬರುವುದಿಲ್ಲ, ತಟ್ಟೆ ಲೋಟದಿಂದ ಬರುವುದಿಲ್ಲ, ಮುಟ್ಟಿದರೆ ಬರುವುದಿಲ್ಲ ಅಂತ ದುಂಡಗಿನ ಅಕ್ಷರದಲ್ಲಿ ಬರೆದುಕೊಟ್ಟಿದ್ದರು. ಅದಕ್ಕೆ ಕೆಂಪು ಶಾಯಿಯಲ್ಲಿ ರೈಟ್ ಹಾಕಿದ್ದವಳೂ ನಾನೇ. ಅಷ್ಟಕ್ಕೂ ಇವಳಿಗೆ ಕಾಯಿಲೆ ಬಂದೇ ಇರಲಿಲ್ಲ, ಬಾರದಿರಲಿ ಅಂತ ಗುಳಿಗೆ ನುಂಗುತ್ತಿದ್ದಳು.

ಮಾರನೇ ದಿನ ಬೆಳಗ್ಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದೆ. ಕೈ ಚಾಚಿ ಅಂದೆ. ಒಂದೊಂದು ಬೆರಳನ್ನೂ ಹಿಡಿದು ನೋಡಿದೆ. ಯಾರ ಉಗುರಿನಲ್ಲೂ ಬಣ್ಣದ ಕಣ ಇರಲಿಲ್ಲ. ಎಲ್ಲಾ ಚೊಕ್ಕ. ನಿಯಮ ಅಂದರೆ ನಿಯಮ, ಪಾಲಿಸಿದ್ದರು. ಯಾರದು ಆ ನೇಲ್ ಪಾಲಿಶ್ ಬಾಟಲಿ ಅಂತ ಕೂಗಾಡಿದೆ, ಹಿಂದಿಯಲ್ಲಿ, ಮರಾಠಿಯಲ್ಲಿ, ಕೊನೆಗೆ ಕನ್ನಡದಲ್ಲಿ. ಥೂ ನಿಮ್ಮ ಓದಿಗಿಷ್ಟು ಅಂದೆ. ಕನ್ನಡ ಅರ್ಥವಾಗುವ ಒಬ್ಬಳೇ ಒಬ್ಬಳು ಸಾಲಿನ ಕೊನೆಯಲ್ಲಿ ನಿಂತು ಅಳುತ್ತಿದ್ದಳು.

ನನ್ನ ಕೂಗಾಟದಿಂದ ವಿಷಯ ಪ್ರಿನ್ಸಿಪಾಲರ ಕಿವಿಗೂ ಬಿತ್ತು. ಅವರು ಕೆಟ್ಟವರೇನಲ್ಲ, ಗಲಾಟೆಗೆ ಹೆದರುವವರು. ಉಳಿದ ಹುಡುಗಿಯರ ಅಪ್ಪ ಅಮ್ಮಂದಿರು ಫೋನ್ ಮಾಡುತ್ತಿದ್ದಾರೆ, ಕೊನೆಯ ಟೆಸ್ಟ್ ಬರುವ ತನಕ ಅವಳು ವಾರ್ಡಿಗೆ ಹೋಗುವುದು ಬೇಡ ಅಂದರು. "ಸುರಕ್ಷತೆಯ ದೃಷ್ಟಿಯಿಂದ."

"ಯಾರ ಸುರಕ್ಷತೆ ಮ್ಯಾಡಮ್? ಡಾಕ್ಟರೇ ಡ್ಯೂಟಿ ಮಾಡು ಅಂದಿದ್ದಾರಲ್ಲ?" ಅಂದೆ. ವಾರ್ಡಿನ ಗಂಟೆಗಳು ಕಡಿಮೆ ಬಿದ್ದರೆ ಅವಳ ವರ್ಷ ಹೋಗುತ್ತದೆ ಅಂದೆ. ಕೈ ಮುಗಿದೆ. ಜಗಳ ಆಡಿದೆ. ನೋಡೋಣ, ನೋಡೋಣ ಅಂದರು. ಅವರು ನೋಡಲೇ ಇಲ್ಲ.

ಆಮೇಲೆ ಅವಳ ಬ್ಯಾಚ್ ಆಸ್ಪತ್ರೆಗೆ ಹೊರಟರೆ ಇವಳು ಅಭ್ಯಾಸದ ಕೋಣೆಯಲ್ಲಿ ರಬ್ಬರ್ ಗೊಂಬೆಯ ಜೊತೆ ಕೂರುತ್ತಿದ್ದಳು. ಯೂನಿಫಾರ್ಮ್ ಹಾಕಿಕೊಂಡೇ. ಒಂದು ದಿನ ಬಾಗಿಲಲ್ಲಿ ನಿಂತು ನೋಡಿದೆ. ಗೊಂಬೆಯ ಹಾಸಿಗೆ ಸರಿಮಾಡಿ, ಹೊದಿಕೆ ಎಳೆದು, "ಆರಾಮ ಮಲ್ಕೊಳ್ರಿ ಅಜ್ಜಾ" ಅನ್ನುತ್ತಿದ್ದಳು. ಒಳಗೆ ಹೋಗದೆ ಹಾಗೇ ತಿರುಗಿ ಬಂದೆ.

ಕೆಲವು ವಾರ ಹಾಗೆ ಕೂತಳು. ಆಮೇಲೆ ಒಂದು ದಿನ ಅವಳಪ್ಪ ಬಂದರು. ತೆಳ್ಳಗಿನ ಮನುಷ್ಯ, ಕುತ್ತಿಗೆಯಲ್ಲಿ ಅಳತೆಯ ಟೇಪು ತೆಗೆಯಲು ಮರೆತು ಹಾಗೇ ಬಂದಿದ್ದರು. ಮಗಳ ಟ್ರಂಕು ಎತ್ತಿಕೊಂಡು ನನ್ನ ಮುಂದೆ ನಿಂತರು.

"ನಾ ಏನೂ ಕರದಿಲ್ರಿ ಅಕ್ಕಾವ್ರ. ಇರು, ಓದು ಅಂತ ಬಾಳ ಹೇಳಿದೆ. ಆಕೀನ ಫೋನ್ ಮಾಡಿ ಕರಕೊಂಡು ಹೋಗು ಅಂದ್ಳು."

ಅವಳು ನನ್ನ ಕಾಲು ಮುಟ್ಟಲು ಬಗ್ಗಿದಳು. ಎತ್ತಿ ತಬ್ಬಿಕೊಂಡೆ. ವಿದ್ಯಾರ್ಥಿನಿಯರನ್ನು ತಬ್ಬಿಕೊಳ್ಳುವ ರೂಢಿ ನನಗಿಲ್ಲ. ಅವತ್ತು ಎಲ್ಲರೂ ನೋಡಲಿ ಅಂತಲೇ ಕಾರಿಡಾರಿನ ಮಧ್ಯೆ ನಿಂತು ತಬ್ಬಿಕೊಂಡೆ.

ಕೊನೆಯ ಟೆಸ್ಟಿನ ದಿನ ಅವಳೇ ಫೋನ್ ಮಾಡಿದಳು. "ಏನೂ ಇಲ್ಲಂತ್ರಿ ಮ್ಯಾಡಮ್. ಪೂರಾ ಕ್ಲಿಯರ್." ನಾನು ಸ್ಟಾಫ್ ರೂಮಿನಲ್ಲೇ ಅತ್ತುಬಿಟ್ಟೆ. ಪ್ರಿನ್ಸಿಪಾಲರಿಗೆ ಹೇಳಿದರೆ ಅವರೂ ಕಣ್ಣೊರೆಸಿಕೊಂಡರು. ಧಾರಾಳವಾಗಿ ಬರಲಿ, ಕೆಳಗಿನ ಬ್ಯಾಚಿನ ಜೊತೆ ಕೂರಲಿ ಅಂದರು. ಭಾನುವಾರವೇ ಹೊರಟೆ. ದಾದರಿನಲ್ಲಿ ಲೋಕಲ್ ಬದಲಿಸಿ ಸಾಂತಾಕ್ರೂಜ್‌ನಲ್ಲಿ ಇಳಿಯುವ ತನಕ ಒಂದೇ ಲೆಕ್ಕಾಚಾರ, ಅವಳನ್ನು ಸೋಮವಾರ ಕರೆಸುವುದೋ, ಇವತ್ತೇ ಕರೆದುಕೊಂಡು ಹೋಗುವುದೋ ಅಂತ.

ಖೋಲಿಯ ಬಾಗಿಲು ತೆರೆದಿತ್ತು. ಅವಳು ನೆಲದ ಮೇಲೆ ಕೂತು ಒಂದು ಯೂನಿಫಾರ್ಮಿನ ಅಂಚು ಹೊಲಿಯುತ್ತಿದ್ದಳು. ನಮ್ಮ ಕಾಲೇಜಿನದೇ, ಹೊಸ ಬ್ಯಾಚಿನದು. ನನ್ನನ್ನು ಕಂಡು ಮುಖ ಅರಳಿತು. ಸೂಜಿಯನ್ನು ಪಕ್ಕದಲ್ಲಿದ್ದ ಬಟ್ಟೆಯ ಪುಟ್ಟ ಸೂಜಿದಿಂಬಿಗೆ ಚುಚ್ಚಿಟ್ಟೇ ಎದ್ದಳು.

ಹೇಳುವುದೆಲ್ಲಾ ಹೇಳಿದೆ. ಒಂದು ವರ್ಷ ಏನು ಮಹಾ, ನಾನಿದ್ದೀನಲ್ಲ, ಈ ಸಲ ಯಾರಾದರೂ ಬಾಲ ಬಿಚ್ಚಿದರೆ ನೋಡು ಅಂದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಅವ್ರು ತಿಳೀಲಾರದವ್ರು ಆಗಿದ್ರ ಬರ್ತಿದ್ದೆ ರೀ," ಅಂದಳು. "ಕಲಸಿದ್ರ ತಿಳೀತೈತಿ ಅನಬಹುದಿತ್ತು. ಎಲ್ಲಾರಿಗೂ ಗೊತ್ತಿತ್ತಲ್ರಿ ಮ್ಯಾಡಮ್. ಆ ಪೇಪರ್‌ನಾಗ ನನಗಿಂತ ಚಲೋ ಮಾರ್ಕ್ಸ್ ತಗೊಂಡಿದ್ರು."

ನನಗೆ ಬಾಯಿ ಜೋರು ಅಂತ ಕಾಲೇಜಿನಲ್ಲೆಲ್ಲಾ ಹೆಸರು. ಅವತ್ತು ಮೆಲ್ಲಗೆ, ಮನಸ್ಸು ಬದಲಾದರೆ ಒಂದು ಫೋನ್ ಮಾಡು ಅಂದೆ. ಆಗಲಿ ರೀ ಅಂದಳು, ದೊಡ್ಡವರ ಮಾತು ತೆಗೆದುಹಾಕಬಾರದು ಅಂತ.

ಅವಳವ್ವ ಎರಡು ಸ್ಟೀಲ್ ಲೋಟದಲ್ಲಿ ಚಹಾ ತಂದರು. ಒಂದು ನನ್ನ ಕೈಗೆ ಕೊಟ್ಟು, ಇನ್ನೊಂದು ಮಗಳಿಗೆ ಕೊಟ್ಟು ಮೂಲೆಯ ಒಲೆಯ ಕಡೆ ಹೋದರು. ಅವಳು ಸೆರಗಿನಂತೆ ಹೊದ್ದ ಓಢಣಿಯ ತುದಿಯಿಂದ ಬಿಸಿ ಲೋಟ ಹಿಡಿದು, ನನ್ನ ಜೊತೆ ಮಾತಾಡುತ್ತಲೇ, ಕಣ್ಣಿನ ಮಟ್ಟಕ್ಕೆ ಎತ್ತಿ ತಳ ನೋಡಿದಳು. ಆಮೇಲೆ ಕುಡಿದಳು.